ಆ ಕಲ್ಲನ್ನು ಓದಿದವರು ಯಾರು?

ನಿಮ್ಮ ‘ನಮ್ಮ ಸೀಮೆಯ ಕೆರೆಗಳು’ ಲೇಖನ ಓದಿದೆ. ಬರವಣಿಗೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಚಿತ್ರದುರ್ಗದ ಹುಡುಗಿಯೊಬ್ಬಳು ಕೆರೆಗಳ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದದ್ದು ಸಂತೋಷವೇ. ಆದರೆ ಇದನ್ನು ಹೀಗೇ ಅಚ್ಚು ಹಾಕಲು ನನಗೆ ಮನಸ್ಸಾಗುತ್ತಿಲ್ಲ. ಓದುತ್ತಾ ಹೋದಂತೆ ಸಿಟ್ಟು ಬಂತು. ಯಾಕೆ ಅಂತ ಹೇಳಿಬಿಡುತ್ತೇನೆ.

ಎರಡನೇ ಪುಟದ ಈ ಸಾಲು ನೋಡಿ: ‘ಮಯೂರಶರ್ಮನು ಪಲ್ಲವ, ಆಭೀರ, ಪುನಾಟ, ಮೌಖರಿ ಮುಂತಾದವರನ್ನು ಗೆದ್ದು ಈ ಕೆರೆ ಕಟ್ಟಿಸಿದನೆಂದು ಚಂದ್ರವಳ್ಳಿ ಶಾಸನ ಹೇಳುತ್ತದೆ.’

ಶಾಸನ ಹೇಳುತ್ತದಾ? ಭೈರವೇಶ್ವರ ಗುಡಿಯ ಹತ್ತಿರದ ಆ ಬಂಡೆಯನ್ನು ನೀವೂ ನೋಡಿರುತ್ತೀರಿ. ಮೂರು ಸಾಲು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಸವೆದ ಅಕ್ಷರ. ನಾವು ನೀವು ನಿಂತು ನೋಡಿದರೆ ಗೀರುಗಳು ಕಾಣುತ್ತವೆ, ಅಷ್ಟೇ. ಅದನ್ನು ಓದಿ ಈ ರಾಜರ ಪಟ್ಟಿ ಕೊಟ್ಟವರು ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ. 1929ರ ಮೈಸೂರು ಪುರಾತತ್ವ ಇಲಾಖೆಯ ವರದಿಯಲ್ಲಿ ಅದು ಬಂತು. ಕದಂಬರ ಮಯೂರಶರ್ಮ ಕೆರೆ ಮಾಡಿಸಿದ ಎನ್ನುವ ಮಾತಿಗೆ ಹೆಚ್ಚಿನ ತಕರಾರಿಲ್ಲ. ಆದರೆ ಆ ಪಟ್ಟಿಯನ್ನು ಆಮೇಲಿನ ಕೆಲವು ವಿದ್ವಾಂಸರು ಒಪ್ಪಲಿಲ್ಲ. ಅದೇ ಅಕ್ಷರಗಳನ್ನು ಬೇರೆ ಥರ ಓದಿದವರಿದ್ದಾರೆ.

‘ಕೃಷ್ಣ ಅವರ ಓದಿನ ಪ್ರಕಾರ’ ಎಂದು ನೀವು ಬರೆದಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಓದುಗನಿಗೆ ಒಂದು ದಾರಿ ಸಿಗುತ್ತಿತ್ತು. ಬೇಕಾದರೆ ಹೋಗಿ ನೋಡುತ್ತಿದ್ದ, ಒಪ್ಪುತ್ತಿದ್ದ, ಇಲ್ಲಾ ಜಗಳ ಆಡುತ್ತಿದ್ದ. ‘ಶಾಸನ ಹೇಳುತ್ತದೆ’ ಎಂದ ತಕ್ಷಣ ಆ ಬಾಗಿಲು ಮುಚ್ಚಿಹೋಯಿತು. ಕಲ್ಲಿನ ಜೊತೆ ಯಾರು ವಾದ ಮಾಡುತ್ತಾರೆ?

ಇದಕ್ಕಿಂತ ಜಾಸ್ತಿ ಬೇಸರ ಆದದ್ದು ಕೆಳಗಿನ ಅಡಿಟಿಪ್ಪಣಿ ನೋಡಿ. ‘ಬಿ. ಎಲ್. ರೈಸ್, ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 11’ ಎಂದು ಹಾಕಿದ್ದೀರಿ. ಚಿತ್ರದುರ್ಗ ಜಿಲ್ಲೆಯ ಶಾಸನಗಳಿರುವ ಸಂಪುಟ ಅದೇ, ನಿಜ. ಆದರೆ ರೈಸ್ ಅದನ್ನು ತಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಕೃಷ್ಣ ಅವರ ವರದಿ ಬರಲು ಇನ್ನೂ ಇಪ್ಪತ್ತು ವರ್ಷದ ಮೇಲಿತ್ತು. ಅವರ ಓದು ಅದರಲ್ಲಿ ಹೇಗೆ ಸಿಗಬೇಕು? ಅಂದರೆ ನೀವು ಆ ಸಂಪುಟ ತೆಗೆದು ನೋಡಿಲ್ಲ. ಯಾವುದೋ ಪುಸ್ತಕದಲ್ಲಿದ್ದ ಟಿಪ್ಪಣಿ ಎತ್ತಿಕೊಂಡಿದ್ದೀರಿ. ಆ ಪುಸ್ತಕ ಓದಿದ್ದರೆ ಆ ಪುಸ್ತಕದ ಹೆಸರೇ ಹಾಕಿ. ಅದರಲ್ಲಿ ನಾಚಿಕೆ ಏನಿದೆ? ನೋಡದ ಪುಸ್ತಕವನ್ನು ನೋಡಿದ ಹಾಗೆ ತೋರಿಸುವುದು ಓದುಗನಿಗೆ ಹೇಳುವ ಸುಳ್ಳು.

ನಾನು ಕೆಲಸ ಕಲಿತದ್ದು ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಅಲ್ಲಿನ ಸಂಪಾದಕರು ಕರಡು ತಿದ್ದುವ ಮೊದಲು ಒಂದು ಕೆಲಸ ಹಚ್ಚುತ್ತಿದ್ದರು. ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಯಾರು ಹೇಳಿದ್ದು’ ಎಂಬುದಕ್ಕೆ ಉತ್ತರ ಬರೆಯಬೇಕು. ಪುಸ್ತಕವಾದರೆ ಪುಟ, ಮನುಷ್ಯರಾದರೆ ಹೆಸರು ಮತ್ತು ಊರು, ಸ್ವಂತ ಕಣ್ಣಿಂದ ಕಂಡದ್ದಾದರೆ ‘ಕಂಡೆ’. ಪಕ್ಕ ಖಾಲಿ ಉಳಿದ ಸಾಲು ಹೊಡೆದು ಹಾಕುತ್ತಿದ್ದರು. ಸೊಗಸಾದ ಸಾಲಾದರೂ ಅಷ್ಟೇ. ಆಗ ಇದು ಕಿರಿಕಿರಿ ಅನ್ನಿಸುತ್ತಿತ್ತು. ಬರುಬರುತ್ತಾ ಪೆನ್ಸಿಲ್ ಇಲ್ಲದೆ ಓದಲಿಕ್ಕೇ ಆಗದಂತಾಯಿತು. ನಿಮ್ಮ ಹಸ್ತಪ್ರತಿಯ ಅಂಚಿನಲ್ಲೂ ಅದೇ ಗುರುತುಗಳಿವೆ. ತುಂಬಾ ಕಡೆ ಖಾಲಿ ಬಿಟ್ಟಿದ್ದೇನೆ.

ನಾಲ್ಕನೇ ಪುಟದಲ್ಲಿ ‘ಬಸವಣ್ಣನವರು ಹೇಳಿದಂತೆ ಕಾಯಕವೇ ಕೈಲಾಸ’ ಎಂದಿದೆ. ಎಲ್ಲರೂ ಹಾಗೇ ಬರೆಯುತ್ತಾರೆ, ಗೋಡೆಗಳ ಮೇಲೂ ಹಾಗೇ ಇದೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು’ ಎಂದು ಶುರುವಾಗುತ್ತದೆ, ಕೊನೆಗೆ ಅಮರೇಶ್ವರಲಿಂಗ ಎಂಬ ಅವನ ಅಂಕಿತ ಬರುತ್ತದೆ. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಶರಣ ಆತ. ಅವನ ಮಾತನ್ನು ದೊಡ್ಡವರ ಲೆಕ್ಕಕ್ಕೆ ಬರೆದುಬಿಟ್ಟರೆ ಅವನಿಗೆ ಏನು ಉಳಿಯಿತು? ನಮ್ಮ ಸಿರಿಗೆರೆ ಮಠದವರು ವಚನಗಳನ್ನು ಕಂಪ್ಯೂಟರಿನಲ್ಲಿ ಹುಡುಕುವ ಹಾಗೆ ಮಾಡಿಟ್ಟಿದ್ದಾರೆ. ಒಂದು ನಿಮಿಷದ ಕೆಲಸ ಇದು.

ಇನ್ನು ಆ ನೀರುಗಂಟಿ, ಅಂದರೆ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವವರು. ಹೊಳಲ್ಕೆರೆ ಕಡೆಯ ಹಿರಿಯರೊಬ್ಬರ ಜೊತೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ ಎಂದು ನನಗೆ ಬರೆದ ಪತ್ರದಲ್ಲಿ ಹೇಳಿದ್ದೀರಿ. ತೂಬಿನಿಂದ ಬೀಳುವ ನೀರಿನ ಸದ್ದು ಕೇಳಿಯೇ ಯಾವ ಗದ್ದೆಯ ತನಕ ನೀರು ಹೋಗುತ್ತದೆ ಅಂತ ಅವರು ಹೇಳಬಲ್ಲರಂತೆ. ಲೇಖನದಲ್ಲಿ ಅದು ಹೀಗಾಗಿದೆ: ‘ತೂಬಿನ ಹರಿವಿನ ಶಬ್ದವನ್ನು ಆಧರಿಸಿ ನೀರಿನ ಪ್ರಮಾಣವನ್ನು ಅಂದಾಜಿಸಲಾಗುತ್ತಿತ್ತು.’ ಮನುಷ್ಯರೇ ಮಾಯ! ಅವರು ಜೀವಮಾನವಿಡೀ ಕಿವಿಗೊಟ್ಟು ಕಲಿತದ್ದು ನಿಮ್ಮ ಸ್ವಂತ ತಿಳಿವಳಿಕೆ ಥರ ಕೂತಿದೆ. ಪದ ಬದಲಾಯಿಸಿದ ಮಾತ್ರಕ್ಕೆ ಮಾತು ನಿಮ್ಮದಾಗುವುದಿಲ್ಲ. ರೈಸ್ ಹೆಸರು ಟಿಪ್ಪಣಿಯಲ್ಲಿದೆ, ನೀವು ಅವರ ಪುಸ್ತಕ ನೋಡಿಲ್ಲ. ಈ ಹಿರಿಯರ ಎದುರು ಕೂತು ಕೇಳಿದ್ದೀರಿ, ಅವರ ಹೆಸರು ಎಲ್ಲೂ ಇಲ್ಲ. ಇದೇ ನನಗೆ ತಡೆಯಲಾಗದ್ದು.

ಅವರು ಪುಸ್ತಕ ಬರೆದವರಲ್ಲ, ಹಾಗಾಗಿ ಮೂಲ ಅಂತ ಹೇಗೆ ಹಾಕೋದು ಅಂದುಕೊಂಡಿರಬಹುದು. ಧಾರಾಳವಾಗಿ ಹಾಕಿ. ಹೆಸರು, ಊರು, ಮಾತಾಡಿಸಿದ ತಿಂಗಳು ಇದ್ದರೆ ಸಾಕು. ಅವರ ಮಾತನ್ನು ಅವರು ಆಡಿದ ಹಾಗೇ ನಾಲ್ಕು ಸಾಲು ಕೊಡಿ, ಸುಮ್ನೆ ಗ್ರಂಥಭಾಷೆಗೆ ತಿರುಗಿಸಬೇಡಿ.

ಇನ್ನೊಂದು ಸಲ ಆ ಊರಿಗೆ ಹೋಗಿ ಬನ್ನಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ. ಬೇಡ ಅಂದರೆ ‘ಹೆಸರು ಬೇಡವೆಂದ ನೀರುಗಂಟಿಯೊಬ್ಬರು’ ಎಂದೇ ಬರೆಯಿರಿ. ಚಂದ್ರವಳ್ಳಿಯ ಭಾಗಕ್ಕೆ 1929ರ ವರದಿ ಹುಡುಕಿ ಓದಿ. ಸಿಗದಿದ್ದರೆ ನೀವು ನಿಜವಾಗಿ ಓದಿದ ಪುಸ್ತಕದ ಹೆಸರು, ಪುಟ ಕೊಡಿ. ಯುಗಾದಿ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.