ಎಂಆರ್‌ಐ ಕೋಣೆಗೆ ಗ್ಲೂಕೋಸ್ ಸೆನ್ಸರ್ ಧರಿಸಿ ಹೋಗುವ ಬಗ್ಗೆ

ಕಲಬುರಗಿಯ ಸ್ಕ್ಯಾನಿಂಗ್ ಕೇಂದ್ರದಲ್ಲಿ ತಂತ್ರಜ್ಞರಾಗಿರುವ ತಾವು, ರೋಗಿಯನ್ನು ಮಲಗಿಸಲು ಎಂಆರ್‌ಐ ಕೋಣೆಗೆ ಹೋಗುವಾಗಲೆಲ್ಲ ತೋಳಿಗೆ ಅಂಟಿಸಿಕೊಂಡ, ಸಕ್ಕರೆಯ ಮಟ್ಟ ತೋರಿಸುವ ಗ್ಲೂಕೋಸ್ ಸೆನ್ಸರನ್ನು ತೆಗೆಯಬೇಕೇ ಎಂದು ಕೇಳಿದ್ದೀರಿ. 14 ದಿನ ಬಾಳುವ ಸೆನ್ಸರನ್ನು ಒಮ್ಮೆ ಕಿತ್ತರೆ ಮತ್ತೆ ಅಂಟಿಸಲಾಗದು. ಆದ್ದರಿಂದ ಪ್ರಶ್ನೆ ಸಹಜವೇ.

ಸ್ಕ್ಯಾನಿಗೆ ಒಳಗಾಗುವ ರೋಗಿಯ ಮೇಲೆ ರೇಡಿಯೋ ತರಂಗಗಳೂ ಬೀಳುವುದರಿಂದ ಲೋಹದ ಭಾಗಗಳು ಬಿಸಿಯಾಗುವ ಅಪಾಯವಿದೆ. ಸ್ಕ್ಯಾನ್ ನಿಂತಾಗ ಒಳಬರುವ ಸಿಬ್ಬಂದಿಗೆ ಅದಿಲ್ಲ. ಆದರೆ 1.5 ಟೆಸ್ಲಾದ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಅಯಸ್ಕಾಂತದ ಸೆಳೆತ, ಯಂತ್ರ ಸುಮ್ಮನಿದ್ದರೂ, ರಾತ್ರಿಯೂ ಇದ್ದೇ ಇರುತ್ತದೆ ಮತ್ತು ರೋಗಿಯನ್ನು ಒಳಸೇರಿಸುವ ಸುರಂಗದ ಬಾಯಿಯ ಬಳಿ ಥಟ್ಟನೆ ಏರುತ್ತದೆ. ಬ್ಯಾಟರಿ ಹೊತ್ತ ಸೆನ್ಸರ್ ಅಲ್ಲಿ ಕೆಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಕೆಡದಂತೆ ಕಾಣುತ್ತಲೇ ತಪ್ಪು ಅಂಕಿ ತೋರಿಸಬಹುದು, ಅದನ್ನು ನಂಬಿ ತಾವು ಇನ್ಸುಲಿನ್ ತೆಗೆದುಕೊಳ್ಳಬಹುದು.

ಆದ್ದರಿಂದ ತಮ್ಮ ಮಾದರಿಯ ಕೈಪಿಡಿಯಲ್ಲಿರುವ ಎಂಆರ್ ಸೂಚನೆಯನ್ನೇ (ಎಂಆರ್‌ಐ ಬಳಿ ಧರಿಸಬಹುದೇ ಎಂಬುದನ್ನು) ರೇಡಿಯಾಲಜಿಸ್ಟರಿಗೆ ತೋರಿಸಿ ನಿರ್ಧರಿಸಿರಿ; ಒಂದೇ ಕಂಪನಿಯ ಎರಡು ಮಾದರಿಗಳಿಗೂ ಸೂಚನೆ ಬೇರೆಯಿರಬಹುದು. ಅಲ್ಲಿಯವರೆಗೆ ರೋಗಿಯನ್ನು ಮಲಗಿಸುವ ಕೆಲಸವನ್ನು ಸಹೋದ್ಯೋಗಿಗೆ ಬಿಡುವುದು ಲೇಸು. ನಮ್ಮ ಕಡೆಯ ಬೇಸಿಗೆಯ ಬೆವರಿಗೆ ಅಂಟು ಸಡಿಲವಾಗಿದ್ದರಂತೂ ಒಳಹೋಗಲೇಬೇಡಿರಿ. ಅಂಕಿಗೂ ಮೈಯ ಸ್ಥಿತಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಲು ಗ್ಲೂಕೋಮೀಟರ್ ಕಂಟ್ರೋಲ್ ರೂಮಿನಲ್ಲಿರಲಿ; ಫೋನ್ ಕೂಡ ಅಲ್ಲಿಯೇ.