ಆ ಉಡುಪಿಗೆ ಎಡಗಡೆ ಜೇಬೇ ಇರಲಿಲ್ಲ

ಕಳೆದ ಸಂಚಿಕೆಯಲ್ಲಿ ಒಂದು ಹಳೆಯ ಫೋಟೋದ ಬಗ್ಗೆ ಅರ್ಧ ಪುಟ ಬರೆದಿದ್ದೆ. 1970ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬ್ರೆಜಿಲ್ ಮತ್ತು ಇಂಗ್ಲೆಂಡ್ ಪಂದ್ಯ ಮುಗಿದ ಮೇಲೆ ಬ್ರೆಜಿಲ್‌ನ ಪೆಲೆ ಮತ್ತು ಇಂಗ್ಲೆಂಡ್ ನಾಯಕ ಬಾಬಿ ಮೂರ್ ಬರಿಮೈಯಲ್ಲಿ ನಿಂತು ಜೆರ್ಸಿ ಬದಲಾಯಿಸಿಕೊಳ್ಳುವ ಫೋಟೋ ಅದು. ಅದನ್ನು ನೋಡಿ ಬೆಂಗಳೂರಿನ ಗೌತಮಪುರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಮಾತು ಇಷ್ಟು:

“ಮೂರ್ ಅವರನ್ನು ದೊಡ್ಡ ಮನುಷ್ಯ ಎಂದು ಹೊಗಳಿದ್ದೀರಿ. ಅದೇ ವಿಶ್ವಕಪ್ಪಿಗೆ ಹೋಗುವ ದಾರಿಯಲ್ಲಿ ಅವರು ಕಳ್ಳತನದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದರು ಎಂದು ನಮ್ಮ ತಂದೆ ಹೇಳುತ್ತಾರೆ. ಒಡವೆ ಅಂಗಡಿಯಲ್ಲಿ ಕೈಯಿಟ್ಟರಂತೆ. ಅದನ್ನು ಯಾಕೆ ಮುಚ್ಚಿಟ್ಟಿರಿ? ಬೆಂಕಿ ಇಲ್ಲದೆ ಹೊಗೆ ಏಳುತ್ತದಾ? ಕೊನೆಗೆ ಅವರ ಪ್ರಧಾನಿಯೇ ಮಧ್ಯೆ ಬಂದಿದ್ದಕ್ಕೆ ಬಿಟ್ಟರಂತೆ. ನಮ್ಮ ಹುಡುಗನಾಗಿದ್ದರೆ ಅಲ್ಲೇ ಕೊಳೆಯುತ್ತಿದ್ದ.”

ಪ್ರಿಯ ಓದುಗರೇ,

ಮುಚ್ಚಿಡಬೇಕು ಅಂತ ಬಿಟ್ಟಿದ್ದಲ್ಲ. ಆ ಕಥೆಯನ್ನು ಎರಡು ಸಾಲಿನಲ್ಲಿ ಹೇಳಿದರೆ ಅನ್ಯಾಯವಾಗುತ್ತದೆ ಎಂದು ಬಿಟ್ಟೆ. ನಿಮ್ಮ ಪತ್ರ ಓದಿದ ಮೇಲೆ, ಬಿಟ್ಟಿದ್ದೇ ತಪ್ಪು ಅನ್ನಿಸಿತು. ನಾವು ಹೇಳದೆ ಬಿಟ್ಟರೆ “ಕೈಯಿಟ್ಟರಂತೆ” ಅನ್ನುವ ಮಾತೊಂದೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

1970ರ ಮೇ ತಿಂಗಳು. ಇಂಗ್ಲೆಂಡ್ ಆಗ ಹಾಲಿ ಚಾಂಪಿಯನ್. 1966ರಲ್ಲಿ ಕಪ್ ಎತ್ತಿದ ನಾಯಕ ಮೂರ್ ಅವರೇ ಈ ಸಲವೂ ನಾಯಕ. ವಿಶ್ವಕಪ್ ಇದ್ದದ್ದು ಮೆಕ್ಸಿಕೋದಲ್ಲಿ, ಎತ್ತರದ ಊರುಗಳಲ್ಲಿ. ಅಲ್ಲಿ ಓಡಿದರೆ ಬೇಗ ಏದುಸಿರು ಬರುತ್ತದೆ. ಅದಕ್ಕೇ ಕೋಚ್ ಆಲ್ಫ್ ರಾಮ್ಸೆ ತಂಡವನ್ನು ಮೊದಲು ಕೊಲಂಬಿಯಾದ ಬೊಗೋಟಾ, ಆಮೇಲೆ ಎಕ್ವಡಾರ್‌ನ ಕೀಟೊ ಊರಿಗೆ ಕರೆದೊಯ್ದರು. ಬೊಗೋಟಾ ಇರುವುದು ಸುಮಾರು 2,600 ಮೀಟರ್ ಎತ್ತರದಲ್ಲಿ. ಆ ಗಾಳಿಗೆ ಆಟಗಾರರು ಒಗ್ಗಿಕೊಳ್ಳಲಿ ಎಂದು.

ಮೇ 18ರಂದು ತಂಡ ಬೊಗೋಟಾದ ತೆಕೆಂದಾಮಾ ಹೋಟೆಲಿಗೆ ಬಂದಿಳಿಯಿತು. ಹೋಟೆಲಿನ ಒಳಗೇ ಒಂದು ಒಡವೆ ಅಂಗಡಿ. ಹೆಸರು ‘ಫ್ಯೂಗೊ ವೆರ್ದೆ’, ಅಂದರೆ ಹಸಿರು ಬೆಂಕಿ. ಕೊಲಂಬಿಯಾದ ಪಚ್ಚೆ ಕಲ್ಲು ಲೋಕಕ್ಕೆಲ್ಲ ಗೊತ್ತು. ಆ ಹಸಿರು ಹೊಳಪಿನಿಂದಲೇ ಅಂಗಡಿಗೆ ಆ ಹೆಸರು. ಮೂರ್ ಮತ್ತು ಅದೇ ತಂಡದ ಬಾಬಿ ಚಾರ್ಲ್‌ಟನ್ ಒಳಗೆ ಹೋದರು. ಚಾರ್ಲ್‌ಟನ್‌ಗೆ ಹೆಂಡತಿಗೊಂದು ಉಂಗುರ ನೋಡಬೇಕಿತ್ತು. ನೋಡಿದರು, ಏನೂ ಕೊಳ್ಳಲಿಲ್ಲ, ಹೊರಗೆ ಬಂದು ಲಾಬಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿಗೆ ಅಂಗಡಿಯ ಯುವತಿ ಹೊರಗೆ ಬಂದಳು. ಶೋಕೇಸಿನಲ್ಲಿದ್ದ ಪಚ್ಚೆ ಮತ್ತು ವಜ್ರದ ಚಿನ್ನದ ಬ್ರೇಸ್‌ಲೆಟ್ ಒಂದು ಕಾಣಿಸುತ್ತಿಲ್ಲ ಎಂದಳು. ಬೆಲೆ ಸುಮಾರು 600 ಪೌಂಡ್. ಅನುಮಾನ ಮೂರ್ ಮೇಲೆ.

ಪೊಲೀಸರು ಬಂದು ಹೇಳಿಕೆ ಬರೆಸಿಕೊಂಡರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡರು ಎಲ್ಲರೂ. ಎರಡು ದಿನ ಬಿಟ್ಟು ಇಂಗ್ಲೆಂಡ್ ಕೊಲಂಬಿಯಾವನ್ನು 4-0ಯಿಂದ ಸೋಲಿಸಿತು. ಆ ಪಂದ್ಯವನ್ನು ಮೂರ್ ಆಡಿದರು. ಅಲ್ಲಿಂದ ಕೀಟೊಗೆ ಹೋಗಿ ಅಲ್ಲೂ 2-0ಯಿಂದ ಗೆದ್ದರು. ಮೆಕ್ಸಿಕೋಗೆ ಹೋಗುವ ವಿಮಾನ ಮತ್ತೆ ಬೊಗೋಟಾ ಮೇಲೇ ಹೋಗಬೇಕಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಮ್ಮಲ್ಲಿ ಮಾತಿದೆ. ಜೇಬಿನಲ್ಲಿ ಬ್ರೇಸ್‌ಲೆಟ್ ಹಾಕಿಕೊಂಡು ದೇಶ ದಾಟಿದವನು ವಾರ ಕಳೆಯುವುದರೊಳಗೆ ಅದೇ ಊರಿನ ಅದೇ ಹೋಟೆಲಿಗೆ ವಾಪಸ್ ಬಂದು ಕೂರುತ್ತಾನಾ? ಮೂರ್ ಬಂದು ಕೂತರು. ಮುಂದಿನ ವಿಮಾನಕ್ಕೆ ಇನ್ನೂ ಹೊತ್ತಿತ್ತು. ತಂಡದವರೆಲ್ಲ ಹೋಟೆಲಿನಲ್ಲಿ ಸಿನಿಮಾ ನೋಡುತ್ತಿದ್ದರು. ಮೇ 25, ಮಫ್ತಿಯಲ್ಲಿ ಬಂದ ಪೊಲೀಸರು ಸದ್ದಿಲ್ಲದೆ ಮೂರ್ ಅವರನ್ನು ಹೊರಗೆ ಕರೆದರು.

ತಂಡ ನಾಯಕನಿಲ್ಲದೆ ಮೆಕ್ಸಿಕೋಗೆ ಹಾರಿತು. ವಿಮಾನ ಅಂದರೆ ಹೆದರುತ್ತಿದ್ದ ಆಟಗಾರ ಜೆಫ್ ಆಸ್ಲ್ ದಾರಿಯುದ್ದಕ್ಕೂ ಕುಡಿದು ತೂರಾಡುತ್ತ ಇಳಿದರು. ಮೆಕ್ಸಿಕೋದ ಪತ್ರಿಕೆಯೊಂದು ಇಂಗ್ಲೆಂಡನ್ನು ಕಳ್ಳರ ಮತ್ತು ಕುಡುಕರ ತಂಡ ಎಂದು ಬರೆಯಿತು. ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ, ನೋಡಿ. ಇಪ್ಪತ್ತೆರಡು ಜನರ ತಂಡಕ್ಕೆ ಹೆಸರು ಅಂಟಿಸಿಯಾಗಿತ್ತು. ನಾನೂ ಪತ್ರಿಕೆಯವನೇ. ಆ ತಲೆಬರಹದ ಬಗ್ಗೆ ಓದಿದಾಗಲೆಲ್ಲ ಸಂಕಟವಾಗುತ್ತದೆ.

ಈಗ ನಿಮ್ಮ ಹೊಗೆಯ ಪ್ರಶ್ನೆ. ನ್ಯಾಯಾಧೀಶ ಪೆದ್ರೊ ದೊರಾಡೊ ಮೂರ್ ಅವರನ್ನು ಮತ್ತೆ ಆ ಅಂಗಡಿಗೇ ಕರೆಸಿದರು. ಅವತ್ತು ಏನೇನು ನಡೆಯಿತೋ ಅದನ್ನು ಅಲ್ಲೇ ಮಾಡಿ ತೋರಿಸಬೇಕು. ನಮ್ಮಲ್ಲಿ ಪೊಲೀಸರು ಮಹಜರು ಮಾಡುವಾಗ ಆರೋಪಿಯನ್ನು ಸ್ಥಳಕ್ಕೆ ಕರೆದೊಯ್ಯುತ್ತಾರಲ್ಲ, ಹಾಗೆ. ಪುಟ್ಟ ಅಂಗಡಿ, ಹೊರಗೆ ಜನವೋ ಜನ. ಶೋಕೇಸ್ ಎಲ್ಲಿತ್ತು, ಮೂರ್ ಎಲ್ಲಿ ನಿಂತಿದ್ದರು ಎಂದು ಒಂದೊಂದಾಗಿ ಕೇಳಿದರು. ಯುವತಿ ಹೇಳಿದಳು: ತೆಗೆದು ಎಡಗಡೆ ಜೇಬಿಗೆ ಹಾಕಿಕೊಂಡರು. ಅವತ್ತು ಮೂರ್ ತೊಟ್ಟಿದ್ದ ಉಡುಪಿಗೆ ಎಡಗಡೆ ಜೇಬೇ ಇರಲಿಲ್ಲ. ಅವರು ಅದನ್ನು ತೋರಿಸಿದರು, ಅಷ್ಟೇ. ಕೂಗಾಡಲಿಲ್ಲ.

ಗಾಜಿನ ಆಚೆಯಿಂದ ಕಣ್ಣಾರೆ ನೋಡಿದೆ ಎಂದು ಬೀದಿ ವ್ಯಾಪಾರಿಯೊಬ್ಬ ತಡವಾಗಿ ಬಂದು ಸಾಕ್ಷಿ ಹೇಳಿದ್ದ. ಅದೂ ನಿಲ್ಲಲಿಲ್ಲ. ಮೇ 28ರಂದು ಮೂರ್ ಅವರನ್ನು ಬಿಟ್ಟರು. ಕರೆದಾಗ ಸಿಗಬೇಕು ಎಂಬ ಷರತ್ತಿನ ಮೇಲೆ ಬಿಟ್ಟದ್ದು. ಕೇಸ್ ಪೂರ್ತಿ ಮುಚ್ಚಿದೆ ಎಂಬ ಕಾಗದ ಅವರ ಕೈಗೆ ಬರಲು 1975ರ ಕೊನೆ ಬರಬೇಕಾಯಿತು. ಆ ಬ್ರೇಸ್‌ಲೆಟ್ ಇವತ್ತಿಗೂ ಸಿಕ್ಕಿಲ್ಲ.

ನನ್ನದೇ ಒಂದು ವಿಷಯ ಹೇಳುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೆಂಚಿನ ಹುಡುಗನ ವಾಚು ಕಳೆಯಿತು. ಊಟದ ಬೆಲ್ ಹೊಡೆದಾಗ ಕ್ಲಾಸಿನಲ್ಲಿ ಉಳಿದವನು ನಾನೊಬ್ಬನೇ. ಮೇಷ್ಟ್ರು ನನ್ನ ಚೀಲವನ್ನು ಮೇಜಿನ ಮೇಲೆ ಸುರಿದರು. ಬುತ್ತಿ ಡಬ್ಬಿಯ ಮುಚ್ಚಳ ಉರುಳಿಕೊಂಡು ಹೋಗಿ ಬಾಗಿಲ ಹತ್ತಿರ ಬಿತ್ತು. ತಿಂದು ಉಳಿದಿದ್ದ ಚಿತ್ರಾನ್ನ ಪುಸ್ತಕದ ಮೇಲೆಲ್ಲ ಚೆಲ್ಲಿತು. ವಾಚು ಅದೇ ಸಂಜೆ ಅವರ ಮನೆಯ ಬಚ್ಚಲಿನಲ್ಲಿ ಸಿಕ್ಕಿತು. ಮಾರನೇ ದಿನ ಮೇಷ್ಟ್ರು ಅದನ್ನು ಕ್ಲಾಸಿಗೆ ಹೇಳಲಿಲ್ಲ. ವರ್ಷ ಮುಗಿಯುವ ತನಕ ನಾನು ಹತ್ತಿರ ಹೋದರೆ ಹುಡುಗರು ಕಂಪಾಸ್ ಬಾಕ್ಸ್ ಮುಚ್ಚುತ್ತಿದ್ದರು. ಹಾಗಾಗಿ “ಬೆಂಕಿ ಇಲ್ಲದೆ ಹೊಗೆ ಏಳುತ್ತದಾ” ಎಂದು ಯಾರಾದರೂ ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಏಳುತ್ತದೆ ಸ್ವಾಮಿ. ಒಬ್ಬರು ಬೆರಳು ತೋರಿಸಿದರೆ ಸಾಕು.

ಹಾಗಂತ ಆ ಯುವತಿಯೇ ಸುಳ್ಳುಗಾತಿ ಎಂದು ನಾನು ಬರೆಯುವುದಿಲ್ಲ. ಒಡವೆ ಅಂಗಡಿಯಲ್ಲಿ ಸಂಬಳಕ್ಕೆ ನಿಂತವಳು. ಮಾಲು ಕಾಣದಿದ್ದರೆ ಮೊದಲು ಉತ್ತರ ಕೊಡಬೇಕಾದವಳು ಅವಳೇ. ಗಾಬರಿಯಲ್ಲಿ ತಪ್ಪು ಕಂಡಿರಬಹುದು. ಅಂಗಡಿಯವರೇ ಹೂಡಿದ ಸಂಚು ಅಂತ ಕೆಲವರು, ತಂಡದ ಹುಡುಗನೊಬ್ಬ ತಮಾಷೆಗೆ ಎತ್ತಿದ್ದನ್ನು ನಾಯಕ ತನ್ನ ಮೇಲೆ ಹಾಕಿಕೊಂಡರು ಅಂತ ಇನ್ನು ಕೆಲವರು ಬರೆದಿದ್ದಾರೆ. ಯಾವುದಕ್ಕೂ ಸಾಕ್ಷಿ ಇಲ್ಲ. ಮೂರ್ ಮೇಲಿನ ಆಧಾರವಿಲ್ಲದ ಮಾತನ್ನು ತಳ್ಳಿಹಾಕಿ, ಅದೇ ಉಸಿರಿನಲ್ಲಿ ಇನ್ನೊಬ್ಬರ ಮೇಲೆ ಅಂಥದೇ ಮಾತು ಹೊರಿಸುವುದು ಯಾವ ನ್ಯಾಯ?

ನಿಮ್ಮ ಕೊನೆಯ ಮಾತು ಮಾತ್ರ ನನ್ನನ್ನು ಎರಡು ದಿನ ಕಾಡಿತು. ಅದರಲ್ಲಿ ಸತ್ಯವಿದೆ. ವಿಷಯ ಪ್ರಧಾನಿ ಹೆರಾಲ್ಡ್ ವಿಲ್ಸನ್ ತನಕ ಹೋಗಿತ್ತು. ಜೂನ್ 18ಕ್ಕೆ ಅಲ್ಲಿ ಚುನಾವಣೆ ಬೇರೆ. ಫುಟ್‌ಬಾಲ್ ಸಂಸ್ಥೆಯ ಇಬ್ಬರು ದೊಡ್ಡ ಅಧಿಕಾರಿಗಳು ತಂಡದ ಜೊತೆ ಹೋಗದೆ ಬೊಗೋಟಾದಲ್ಲೇ ಉಳಿದರು. ರಾಯಭಾರ ಕಚೇರಿಯವರು ಓಡಾಡಿದರು. ಮೂರ್ ಅವರನ್ನು ಲಾಕಪ್ಪಿಗೆ ಹಾಕಲಿಲ್ಲ. ಕೊಲಂಬಿಯಾ ಫುಟ್‌ಬಾಲ್‌ನ ಹಿರಿಯ ಅಲ್ಫೊನ್ಸೊ ಸೀನಿಯರ್ ಅವರ ಮನೆಯಲ್ಲಿ ಕಾವಲಿನಲ್ಲಿ ಇಟ್ಟರು. ಅಲ್ಲಿ ಅವರು ಬೆಳಗ್ಗೆ ಎದ್ದು ಓಡಿ ಮೈ ಹಗುರ ಮಾಡಿಕೊಳ್ಳುತ್ತಿದ್ದರು, ಕಾವಲಿನವರು ಹಿಂದೆ. ಹೆಸರಿಲ್ಲದ ಒಬ್ಬ ಕುಸ್ತಿಪಟುವಿಗೋ ಓಟಗಾರ್ತಿಗೋ ಇಷ್ಟೆಲ್ಲ ಸಿಗುತ್ತದಾ? ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫಿಗೆ ದುಡಿಯಲು ಹೋದ ಹುಡುಗರ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಪಾಸ್‌ಪೋರ್ಟ್ ಯಾರದೋ ಕೈಯಲ್ಲಿ, ಕಾಗದವೆಲ್ಲ ಅರಬ್ಬಿಯಲ್ಲಿ, ಮಗ ಎಲ್ಲಿದ್ದಾನೆ ಎಂದು ತಿಳಿಯಲೇ ತಿಂಗಳು ಬೇಕು.

ಆದರೆ ಒಂದು ಹಕ್ಕು ಅವರಿಗೂ ಇದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ, ಬೇರೆ ದೇಶದವರನ್ನು ಬಂಧಿಸಿದರೆ ಅವರು ಕೇಳಿದ ಕೂಡಲೇ ಅವರ ದೇಶದ ಕಾನ್ಸುಲೇಟಿಗೆ ತಿಳಿಸಬೇಕು. ಈ ಹಕ್ಕು ಇದೆ ಎಂದು ಅವರಿಗೆ ಹೇಳಲೂ ಬೇಕು. ಪಾಕಿಸ್ತಾನ ಬಂಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ತಪ್ಪನ್ನು ಎತ್ತಿ ತೋರಿಸಿದ್ದು ಇದೇ ವಿಧಿಯ ಮೇಲೆ. ನಿಮ್ಮ ಓಣಿಯಿಂದ ಯಾರಾದರೂ ಆಡಲು ಹೊರದೇಶಕ್ಕೆ ಹೊರಟರೆ ಇದನ್ನೊಂದು ಹೇಳಿ ಕಳಿಸಿ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡ, ದುಭಾಷಿಯನ್ನು ಕೇಳು ಎಂದೂ ಹೇಳಿ. ಮೂರ್‌ಗೆ ಅದನ್ನೆಲ್ಲ ಹೇಳುವವರು ಪಕ್ಕದಲ್ಲೇ ಇದ್ದರು.

ಇನ್ನು ಆ ಫೋಟೋ. ಮೆಕ್ಸಿಕೋದ ಗ್ವಾದಲಹಾರ ಊರಿನ ಹೋಟೆಲಿಗೆ ಮೂರ್ ಬಂದಾಗ ತಂಡದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಜೂನ್ 2ಕ್ಕೆ ರೊಮೇನಿಯಾ ವಿರುದ್ಧ ಗೆಲುವು. ಜೂನ್ 7, ಸುಡುವ ಮಧ್ಯಾಹ್ನ, ಎದುರಿಗೆ ಬ್ರೆಜಿಲ್. ಬಿಡುಗಡೆಯಾಗಿ ಬರೀ ಹತ್ತು ದಿನ. ಜೈರ್‌ಜಿನ್ಹೊ ಚೆಂಡು ತೆಗೆದುಕೊಂಡು ಪೆನಾಲ್ಟಿ ಬಾಕ್ಸಿನೊಳಗೆ ನುಗ್ಗಿ ಬರುತ್ತಾರೆ. ಮೂರ್ ಹಿಂದಕ್ಕೆ ಸರಿಯುತ್ತಾರೆ, ಸರಿಯುತ್ತಾರೆ, ಕಾಲು ಹಾಕುವುದೇ ಇಲ್ಲ. ಕೊನೆಯ ಗಳಿಗೆಯಲ್ಲಿ ಕಾಲು ಚಾಚಿ ಚೆಂಡನ್ನಷ್ಟೇ ಕಿತ್ತುಕೊಳ್ಳುತ್ತಾರೆ. ಆಟಗಾರನಿಗೆ ಒಂದಿಷ್ಟೂ ತಾಗದು. ಇಂಗ್ಲೆಂಡ್ 1-0ಯಿಂದ ಸೋತಿತು. ಪಂದ್ಯ ಮುಗಿದ ಮೇಲೆ ಪೆಲೆ ಹುಡುಕಿಕೊಂಡು ಬಂದದ್ದು ಮೂರ್ ಅವರನ್ನೇ.

ನಿಮ್ಮ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ನಿಮ್ಮ ತಂದೆಯವರ ಬಾಯಲ್ಲಿ ಈ ಕಥೆ ಇಷ್ಟು ವರ್ಷ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. ಬಂಧನದ ಸುದ್ದಿ ಅವರಿಗೆ ಆಗ ಯಾವ ಪತ್ರಿಕೆಯಿಂದ ಗೊತ್ತಾಯಿತು, ಬಿಡುಗಡೆಯ ಸುದ್ದಿಯೂ ಅದೇ ಪತ್ರಿಕೆಯಲ್ಲಿ ಬಂದಿತ್ತಾ ಎಂದು ಕೇಳಿ ಬರೆಯಿರಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಮುಂದಿನ ಸಂಚಿಕೆಯಲ್ಲಿ, ಆ ಫೋಟೋ ಹಾಕಿದ್ದ ಪುಟದಲ್ಲೇ, ಅಚ್ಚು ಮಾಡುತ್ತೇನೆ.

ಸಂಪಾದಕ