ಹಿಂದಿನ ಆಕ್ಸಲ್‌ನಲ್ಲಿ ‘ಟಕ್’ ಸದ್ದು: ಸಡಿಲ ಎಲ್ಲಿದೆ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ತೋಟದಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಪಿಕಪ್‌ನಲ್ಲಿ ಟೊಮೆಟೊ ಸಾಗಿಸುತ್ತೇನೆ. 15 ಕಿಲೊ ತೂಗುವ ನೂರು ಬಾಕ್ಸ್ ಹೇರುವುದು ವಾಡಿಕೆ. ಈಚೆಗೆ ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗಲೂ, ರಿವರ್ಸ್ ಹಾಕಿದಾಗಲೂ ಹಿಂದುಗಡೆ ‘ಟಕ್’ ಎನ್ನುತ್ತದೆ. ಮೆಕ್ಯಾನಿಕ್ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟ್ ಅಲ್ಲಾಡಿಸಿ ತೋರಿಸಿ, ಪ್ಲೇ (ಸಡಿಲ) ಜಾಸ್ತಿಯಾಗಿದೆ, ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಸಣ್ಣದು, ಅಂದರೆ ಕ್ರೌನ್ ಪಿನಿಯನ್ ಸೆಟ್ಟನ್ನೇ ಬದಲಾಯಿಸಬೇಕು ಎನ್ನುತ್ತಾರೆ. ಬದಲಾಯಿಸಲೇಬೇಕೆ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ದಯವಿಟ್ಟು ಈಗಲೇ ಸೆಟ್ಟು ಕೊಳ್ಳಬೇಡಿ. ಶಾಫ್ಟಿನಲ್ಲಿ ಕೈಗೆ ಸಿಗುವ ಪ್ಲೇ ಒಂದೇ ಜಾಗದ್ದಲ್ಲ. ಕ್ರಾಸ್ (ಶಾಫ್ಟಿನ ತುದಿಯ ಕೂಡಿಸುವ ಕೀಲು), ಶಾಫ್ಟಿನ ಸ್ಪ್ಲೈನ್ (ಒಂದರೊಳಗೊಂದು ಕೂರುವ ಉದ್ದ ಹಲ್ಲುಗಳು), ಕ್ರೌನ್ ಪಿನಿಯನ್ ಹಲ್ಲು, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಒಳಗಿನ ಸಣ್ಣ ಗೇರುಗಳು ಮತ್ತು ಅವುಗಳ ವಾಷರ್, ಕೊನೆಗೆ ಆಕ್ಸಲ್ ಶಾಫ್ಟಿನ ಸ್ಪ್ಲೈನ್, ಇವೆಲ್ಲದರ ಸಂದು ಸೇರಿ ಅಷ್ಟಾಗಿರುತ್ತದೆ. ಅದರಲ್ಲಿ ಯಾರ ಪಾಲು ಎಷ್ಟು ಎಂದು ತಿಳಿಯದೆ ಅತ್ಯಂತ ದುಬಾರಿ ಭಾಗವನ್ನೇ ಮೊದಲು ಬದಲಾಯಿಸುವುದು ಸರಿಯಲ್ಲ.

ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿಯನ್ನು ನಿಲ್ಲಿಸಿ, ಕೀಲಿ ತೆಗೆದು, ನಾಲ್ಕೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ನಂತರವೇ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಕೆಳಗೆ ಹೋಗಿ ಆ ಉದ್ದನೆಯ ಶಾಫ್ಟನ್ನು (ಪ್ರೊಪೆಲ್ಲರ್ ಶಾಫ್ಟ್) ಎರಡೂ ಕಡೆಗೆ ನಿಧಾನವಾಗಿ ತಿರುಗಿಸುತ್ತಾ ಹಿಂದಿನ ಕ್ರಾಸನ್ನೇ ದಿಟ್ಟಿಸಿ ನೋಡಿ. ಶಾಫ್ಟ್ ತಿರುಗಿಯೂ ಪಿನಿಯನ್ ಫ್ಲಾಂಜ್ (ಕ್ರಾಸಿನ ಆಚೆ ಪಿನಿಯನ್‌ಗೆ ಬಿಗಿದಿರುವ ಬಿಲ್ಲೆ) ಕದಲದಿದ್ದರೆ ಸಡಿಲ ಇರುವುದು ಕ್ರಾಸಿನಲ್ಲಿ. ಅದರ ನಾಲ್ಕು ತುದಿಗಳ ಬೇರಿಂಗ್ ಕಪ್‌ಗಳಲ್ಲಿ ಯಾವುದಾದರೊಂದರ ಸೀಲಿನ ಸುತ್ತ ಇಟ್ಟಿಗೆ ಪುಡಿಯಂತೆ ಕೆಂಪಗಿನ ತುಕ್ಕಿನ ಧೂಳು ಕಂಡರೆ, ಒಳಗೆ ಗ್ರೀಸು ಒಣಗಿ ಸೂಜಿ ಬೇರಿಂಗ್ ಸವೆದಿದೆ ಎಂದೇ ಅರ್ಥ. ಅಲ್ಲಿಗೆ ಹೊಸ ಕ್ರಾಸ್ ಹಾಕಿಸಿದರೆ ಬಹುಶಃ ನಿಮ್ಮ ಸದ್ದು ಅಲ್ಲೇ ನಿಲ್ಲುತ್ತದೆ.

ಫ್ಲಾಂಜ್ ಕೂಡ ಜೊತೆಗೇ ತಿರುಗಿದರೆ, ಫ್ಲಾಂಜಿನ ಮೇಲೂ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಮೇಲೂ ಎದುರುಬದುರಾಗಿ ಸೀಮೆಸುಣ್ಣದ ಗೆರೆ ಎಳೆದು, ಗೆರೆ ಎಷ್ಟು ಸರಿಯುತ್ತದೆ ನೋಡಿ. ಬಹಳ ಜನ ಹೆದರುವುದು ಇಲ್ಲಿಯೇ. ಕ್ರೌನಿಗೆ 41, ಪಿನಿಯನ್‌ಗೆ 10 ಹಲ್ಲು ಇದೆ ಎಂದುಕೊಳ್ಳಿ. ಆಗ ಸಣ್ಣ ಗೇರುಗಳಲ್ಲೋ ಆಕ್ಸಲ್ ಸ್ಪ್ಲೈನ್‌ನಲ್ಲೋ ಇರುವ ಕೇವಲ 1 ಡಿಗ್ರಿ ಸಂದು ಫ್ಲಾಂಜಿನಲ್ಲಿ 4 ಡಿಗ್ರಿಗೂ ಮೀರಿ ಕಾಣಿಸುತ್ತದೆ. ಆದರೆ ಕ್ರೌನ್ ಪಿನಿಯನ್ ಹಲ್ಲುಗಳ ನಡುವೆ ಇರಬೇಕಾದ ಸಂದು ಅನೇಕ ಲಘು ವಾಹನಗಳಲ್ಲಿ 0.13ರಿಂದ 0.20 ಮಿಲಿಮೀಟರ್ ಮಾತ್ರ, ಅದು ಫ್ಲಾಂಜಿನಲ್ಲಿ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ ಕಾಣುತ್ತದೆ. ಆದ್ದರಿಂದ ಗೆರೆ ದೊಡ್ಡದಾಗಿ ಸರಿದ ಮಾತ್ರಕ್ಕೆ ಕ್ರೌನ್ ಹೋಗಿದೆ ಎನ್ನಲಾಗದು. ಅದನ್ನು ತೀರ್ಮಾನಿಸಲು ಬಿಚ್ಚಿ, ಡಯಲ್ ಗೇಜಿನ (ಸೂಕ್ಷ್ಮ ಅಳತೆಯ ಮುಳ್ಳಿನ ಮಾಪಕ) ಮೊನೆಯನ್ನು ಕ್ರೌನಿನ ಹಲ್ಲಿಗೇ ಆನಿಸಿ, ಸುತ್ತಲೂ ಮೂರು ನಾಲ್ಕು ಕಡೆ ಅಳೆದು, ನಿಮ್ಮ ಗಾಡಿಯ ಕೈಪಿಡಿಯ ಅಳತೆಗೆ ಹೋಲಿಸಬೇಕು.

ಆದರೆ ಫ್ಲಾಂಜನ್ನು ಹಿಡಿದು ಮೇಲೆ ಕೆಳಗೆ ಕುಲುಕಿದಾಗ ಅಲುಗಾಡಿದರೆ ತಡಮಾಡಬೇಡಿ. ಅದು ಪಿನಿಯನ್ ಬೇರಿಂಗಿನ ದೋಷ. ಹಾಗೆಯೇ ಓಡಿಸಿದರೆ ಚೆನ್ನಾಗಿರುವ ಹಲ್ಲುಗಳೂ ಹಾಳಾಗುತ್ತವೆ. ಪಿನಿಯನ್ ನಟ್ಟನ್ನು ಬಿಗಿ ಮಾಡಿ ಸರಿಪಡಿಸುತ್ತೇನೆಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅನೇಕ ಆಕ್ಸಲ್‌ಗಳಲ್ಲಿ ಒಳಗಿನ ಸ್ಪೇಸರ್ (ಬೇರಿಂಗ್‌ಗಳ ನಡುವಿನ ಕೊಳವೆ) ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ, ಬೇರಿಂಗ್ ಅತಿ ಬಿಗಿಯಾಗಿ ಸುಟ್ಟುಹೋಗುತ್ತದೆ.

ಹೌಸಿಂಗ್ ಆಯಿಲನ್ನೂ ಒಮ್ಮೆ ಇಳಿಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಸಹಜ, ಹೊಳೆಯುವ ಚೂರುಗಳು ಸಹಜವಲ್ಲ.

ಪ್ರಶ್ನೆ: ಕ್ರಾಸ್ ಬದಲಾಯಿಸಿದ ಮೇಲೆ ಸದ್ದು ಹೋಯಿತು, ಆದರೆ ವೇಗ ಹೆಚ್ಚಿದಾಗ ಗಾಡಿ ನಡುಗುತ್ತದೆ. ಏಕೆ?
– ಓದುಗರು, ಮುಳಬಾಗಿಲು

ಉತ್ತರ: ಶಾಫ್ಟನ್ನು ಬಿಚ್ಚುವ ಮೊದಲು ಗುರುತು ಹಾಕದಿದ್ದರೆ ಹೀಗಾಗುತ್ತದೆ. ಸ್ಪ್ಲೈನ್ ಇರುವ ಶಾಫ್ಟನ್ನು ಒಂದೆರಡು ಹಲ್ಲು ಆಚೀಚೆ ಕೂರಿಸಿದರೆ ಅದರ ಎರಡು ತುದಿಯ ಯೋಕ್‌ಗಳು (ಕ್ರಾಸ್ ಕೂರುವ ಕವಲುಗಳು) ಒಂದೇ ನೇರಕ್ಕೆ ಬರುವುದಿಲ್ಲ, ಶಾಫ್ಟ್ ಪ್ರತಿ ಸುತ್ತಿನಲ್ಲೂ ಜಗ್ಗುತ್ತದೆ. ಜೋಡಣೆಯ ಬಾಣದ ಗುರುತುಗಳಿವೆಯೇ ಎಂದು ಶಾಫ್ಟನ್ನು ಸೀಮೆಎಣ್ಣೆಯಿಂದ ಒರೆಸಿ ಹುಡುಕಿ, ಅವು ಎದುರುಬದುರಾಗುವಂತೆ ಮತ್ತೆ ಕೂರಿಸಲು ಹೇಳಿ.